ಭಾವನವರ ಮೇಲಿನ ಸಿಟ್ಟಿಗೆ ಹಾಕಿಕೊಂಡ ಪಾಠಪಟ್ಟಿ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಭಾವನವರ ಮನೆಯ ಪಡಸಾಲೆಯಲ್ಲಿ ಹತ್ತು-ಹದಿನೈದು ಮಂದಿ ಸೇರುತ್ತಿದ್ದರು. ನಿವೃತ್ತ ಮಾಸ್ತರರು, ಇಬ್ಬರು ವಕೀಲರು, ಒಬ್ಬ ಔಷಧಿ ಅಂಗಡಿಯವರು. ಭಾವನವರು ಅಂದರೆ ನನ್ನ ಗಂಡನ ಅಣ್ಣ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, ಕೊನೆಗೆ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ಅವರು ಮಾತಾಡುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಅವರ ಹೆಂಡತಿ ಮತ್ತು ನಾನು ಒಳಗೆ ಉಪ್ಪಿಟ್ಟು ಮಾಡಿ, ಚಹಾ ಸೋಸಿ, ಹೊರಗೆ ತಂದು ಕೊಡುತ್ತಿದ್ದೆವು. ನಮ್ಮ ಮನೆ ಬೈಲಹೊಂಗಲದಲ್ಲೇ, ಅವರ ಹಿಂದಿನ ಓಣಿಯಲ್ಲಿ. ಭಾನುವಾರ ಬಂದರೆ ನಾನು ಅಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಿರಲಿಲ್ಲ. ಹೋಗುವುದಿಲ್ಲ ಎಂದು ನಾನೂ ಹೇಳಿರಲಿಲ್ಲ.

ಆವತ್ತು ಭಾವನವರು ನಮ್ಮ ಮನೆತನದ ಮೂಲದ ಬಗ್ಗೆ ಹೇಳುತ್ತಿದ್ದರು. ನಮ್ಮದು ಪೌರೋಹಿತ್ಯ ಮಾಡಿಕೊಂಡು, ಪಾಠ ಹೇಳಿಕೊಂಡು ಬಂದ ಮನೆತನ. ಮೂಲ ಊರು ಸವದತ್ತಿ ತಾಲ್ಲೂಕಿನಲ್ಲಿ, ಚಚಡಿ ದಾಟಿ ಸ್ವಲ್ಪ ಮುಂದೆ. ಆ ಊರ ಕೆರೆಯ ದಂಡೆಯಲ್ಲಿ ಅಕ್ಷರ ಕೆತ್ತಿದ ಒಂದು ಕಲ್ಲಿದೆ. ಅದರಲ್ಲಿ ಮಠದ ಹನ್ನೆರಡು ಮಂದಿ ಪಂಡಿತರಿಗೆ ದಾನ ಕೊಟ್ಟ ವಿಷಯವಿದೆ, ಆ ಹನ್ನೆರಡರಲ್ಲಿ ಒಬ್ಬರು ನಮ್ಮ ಮೂಲಪುರುಷರು ಎಂದು ಅವರು ವಿವರಿಸುತ್ತಿದ್ದರು. ಅವರ ಅಜ್ಜ ಓದಿ ಬರೆದಿಟ್ಟಿದ್ದ ಹಾಳೆ ಅವರ ಕೈಯಲ್ಲಿತ್ತು.

ನಾನು ಆ ಕಲ್ಲನ್ನು ನೋಡಿದ್ದೆ. ಮದುವೆಯಾದ ಹೊಸದರಲ್ಲಿ ದೇವರ ಕಾರ್ಯಕ್ಕೆ ಹೋದಾಗ ಅದರ ಪಕ್ಕದಲ್ಲೇ ಕುಳಿತು ಕಾಲು ತೊಳೆದುಕೊಂಡಿದ್ದೆ. ಚಹಾದ ತಾಟು ಹಿಡಿದುಕೊಂಡೇ ಕೇಳಿಬಿಟ್ಟೆ:

“ಭಾವನವರ, ಆ ಕಲ್ಲು ಕೆರಿ ತೂಬಿನ ಬಾಜೂಕ ಯಾಕ ಅದರಿ? ಪಂಡಿತರಿಗೆ ಕೊಟ್ಟದ್ದಾಗಿದ್ರ ಗುಡಿ ಮುಂದರ ಇರಬೇಕಿತ್ತು, ಮಠದ ಮುಂದರ ಇರಬೇಕಿತ್ತು.”

ತೂಬು ಎಂದರೆ ಕೆರೆಯ ನೀರನ್ನು ಹೊಲಕ್ಕೆ ಬಿಡುವ ಬಾಯಿ. ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ ಅದು. ಭಾವನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಒಳಗ ಗ್ಯಾಸ್ ಆರಿಸಿ ಬಂದೀಯೇನವಾ? ಮೊದಲ ಅದನ್ನ ನೋಡು ಹೋಗು. ಕಲ್ಲಿನ ಚಿಂತಿ ನಾವು ಮಾಡತೀವಿ.”

ಎಲ್ಲರೂ ನಕ್ಕರು. ಔಷಧಿ ಅಂಗಡಿಯವರಿಗೆ ನಗುತ್ತ ನಗುತ್ತ ಕೆಮ್ಮು ಬಂತು. ನನ್ನ ಗಂಡನೂ ಮೂಲೆಯಲ್ಲಿ ಕುಳಿತು ನಕ್ಕ. ನಾನು ಒಳಗೆ ಹೋದೆ. ಗ್ಯಾಸ್ ಆರಿಸಿಯೇ ಇತ್ತು.

ಆ ನಗು ಅಷ್ಟು ಆಳಕ್ಕೆ ಇಳಿಯಲು ಹಳೆಯ ಕಾರಣವೊಂದಿತ್ತು. ರಾಮದುರ್ಗದಲ್ಲಿ ನಾನು ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಗ ನನ್ನನ್ನು ನೋಡಲು ಬಂದ ಹಿರಿಯರಲ್ಲಿ ಈ ಭಾವನವರೇ ಮುಂದಾಳು. “ಹುಡುಗಿ ಶಾಣ್ಯಾ ಇದ್ದಾಳ, ಮುಂದ ನಾವs ಓದಸ್ತೀವಿ, ಅದು ನನ್ನ ಜವಾಬ್ದಾರಿ” ಎಂದು ನನ್ನ ಅಪ್ಪನ ಕೈ ಹಿಡಿದು ಹೇಳಿದ್ದರು. ಅಪ್ಪ ಒಪ್ಪಿದ್ದೇ ಆ ಮಾತಿಗೆ. ಮದುವೆಯಾದ ಮೇಲೆ ಎರಡು ವರ್ಷ ಕಾಯ್ದೆ. ಮೂರನೇ ವರ್ಷ ನಾನೇ ನೆನಪು ಮಾಡಿದಾಗ, “ಈಗ ಕೂಸು ಸಣ್ಣದದ” ಎಂದರು. ಆ ಕೂಸು, ನನ್ನ ಮಗಳು, ಬೆಳೆದು ಧಾರವಾಡಕ್ಕೆ ಓದಲು ಹೋದಳು. ನನ್ನ ಪಾಳಿ ಬರಲೇ ಇಲ್ಲ.

ಮರುದಿನ ಸೋಮವಾರ. ಗಂಡ ಬಸ್ ಡಿಪೋದ ಆಫೀಸಿಗೆ ಹೋದ ಮೇಲೆ ಮಗಳ ಹಳೆಯ ಉದ್ದನೆಯ ನೋಟ್‌ಬುಕ್ ತೆಗೆದೆ. ಮೊದಲ ಹಾಳೆಯಲ್ಲಿ ಏಳು ಅಂಕಣ ಎಳೆದೆ. ಪ್ರತಿಜ್ಞೆ ಗಿತಿಜ್ಞೆ ಏನೂ ಮಾಡಲಿಲ್ಲ. ಆ ಪಡಸಾಲೆಯಲ್ಲಿ ಅವರು ಏನೇನು ಮಾತಾಡುತ್ತಾರೋ ಅದರಲ್ಲೆಲ್ಲ ಅವರಿಗಿಂತ ಹೆಚ್ಚು ನನಗೆ ಗೊತ್ತಿರಬೇಕು, ಒಂದು ದಿನ ಅಷ್ಟೇ ಜನರ ಎದುರಿಗೆ ಅವರ ಬಾಯಿ ಕಟ್ಟಬೇಕು. ಇಷ್ಟೇ ನನ್ನ ಗುರಿ.

ಸೋಮವಾರ ಹಳಗನ್ನಡ ಮತ್ತು ಹಳೆಯ ಲಿಪಿ. ಮಂಗಳವಾರ ಹೊಲ, ಅಳತೆ, ನಕಾಶೆ. ಬುಧವಾರ ಮಣ್ಣು, ನೀರು, ಗಿಡ. ಗುರುವಾರ ಕಾಯಿದೆ. ಶುಕ್ರವಾರ ನಮ್ಮ ಭಾಗದ ಇತಿಹಾಸ. ಶನಿವಾರಕ್ಕೆ ಏನು ಹಾಕಬೇಕೆಂದು ಬಹಳ ಹೊತ್ತು ತಿಳಿಯಲಿಲ್ಲ. ಕೊನೆಗೆ “ನಾನು” ಎಂದು ಬರೆದೆ. ಆ ವಾರ ಏನು ಮಾಡಿದೆ, ಯಾರ ಮೇಲೆ ಸಿಟ್ಟು ಬಂತು, ಎಲ್ಲಿ ಬಾಯಿ ಮುಚ್ಚಿಕೊಂಡೆ, ಯಾಕೆ ಮುಚ್ಚಿಕೊಂಡೆ ಎಂದು ಸುಳ್ಳಿಲ್ಲದೆ ಬರೆಯಬೇಕು. ಭಾನುವಾರದ ಅಂಕಣವನ್ನು ಖಾಲಿ ಬಿಟ್ಟೆ. ಅವತ್ತು ಪಡಸಾಲೆಯಲ್ಲಿ ಕೇಳಿಸಿಕೊಳ್ಳುವುದೇ ಪಾಠ.

ನನಗೆ ಗುರು ಇರಲಿಲ್ಲ, ಪರೀಕ್ಷೆ ಇರಲಿಲ್ಲ. ಅದಕ್ಕೆ ಒಂದು ನಿಯಮ ಮಾಡಿಕೊಂಡೆ. ಯಾವ ವಿಷಯವೇ ಇರಲಿ ಪುಸ್ತಕದಲ್ಲಿ ಓದಬೇಕು, ಬಲ್ಲವರನ್ನು ಕೇಳಬೇಕು, ಕೈಯಿಂದ ಮಾಡಿ ನೋಡಬೇಕು. ಮೂರೂ ಆಗದೆ ಅದನ್ನು ಕಲಿತೆ ಎಂದುಕೊಳ್ಳಬಾರದು. ಮಧ್ಯಾಹ್ನ ಎರಡರಿಂದ ನಾಲ್ಕೂವರೆ ನನ್ನ ಸಾಲಿ. ಊಟದ ಪಾತ್ರೆಗಳನ್ನು ಹಾಗೇ ಬಿಟ್ಟು ಕೂರುವುದನ್ನು ಅಭ್ಯಾಸ ಮಾಡಿಕೊಳ್ಳಲಿಕ್ಕೇ ಒಂದು ತಿಂಗಳು ಹಿಡಿಯಿತು.

ಮೊದಲ ವರ್ಷ ಎಲ್ಲವೂ ತಲೆಕೆಳಗಾಯಿತು. ಕಾಯಿದೆಯ ಪುಸ್ತಕ ಹಿಡಿದರೆ ನಿದ್ದೆ ಬರುತ್ತಿತ್ತು. ಗುರುವಾರದ ಅಂಕಣವನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದೆ. ಮಣ್ಣು-ನೀರಿನ ಪಾಠ ಮಾತ್ರ ಸಲೀಸಾಗಿ ನಡೆಯಿತು. ಊರ ಹೊರಗಿನ ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಒಬ್ಬ ಅಜ್ಜಿಯ ಬೆನ್ನು ಹತ್ತಿ ಹೋಗುತ್ತಿದ್ದೆ. “ನಿಮಗ್ಯಾಕ ಬೇಕ್ರಿ ಬಾಯಾರ, ಬಿಸಲಾಗ ಕರ್ರಗಾಗ್ತೀರಿ” ಎನ್ನುತ್ತಿದ್ದಳು. ಆದರೂ ಯಾವ ಕಳೆ ಎದ್ದರೆ ಆ ನೆಲದಲ್ಲಿ ನೀರು ನಿಲ್ಲುತ್ತದೆ, ಯಾವುದು ಎದ್ದರೆ ನೆಲದಲ್ಲಿ ಉಪ್ಪು ಏರಿ ಸವಳು ಬರುತ್ತಿದೆ ಎಂದು ಕಿತ್ತು ತೋರಿಸುತ್ತಿದ್ದಳು.

ಲಿಪಿ ಕಲಿಸಿದವರು ಕಿತ್ತೂರಿನ ಒಬ್ಬ ನಿವೃತ್ತ ಇತಿಹಾಸದ ಮಾಸ್ತರರು. ಬೈಲಹೊಂಗಲದ ಗ್ರಂಥಾಲಯದಲ್ಲಿ ಅವರ ವಿಷಯ ಕೇಳಿ ತಿಳಿದು, ಬಸ್ಸು ಹತ್ತಿ ಹೋದೆ. ಬಾಗಿಲಲ್ಲೇ ಕೇಳಿದರು:

“ಯಾತಕ್ಕ ಕಲೀತೀರಿ?”

“ಒಬ್ಬರ ತಪ್ಪು ಹಿಡೀಬೇಕಾಗ್ಯದರಿ.”

ಅವರು ಬಾಯಿ ತುಂಬ ನಕ್ಕರು. “ಕುಂಡ್ರಿ. ಭಕ್ತಿಯಿಂದ ಬಂದವ್ರೆಲ್ಲಾ ಎರಡು ತಿಂಗಳಿಗೆ ಓಡಿ ಹೋಗ್ಯಾರ. ನೀವು ನಿಂದರತೀರಿ.”

ತಿಂಗಳಿಗೆ ಎರಡು ಸೋಮವಾರ ಕಿತ್ತೂರು. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವಾಗ ಅಕ್ಷರಗಳನ್ನು ತೊಡೆಯ ಮೇಲೆ ಬೆರಳಿನಿಂದ ತಿದ್ದುತ್ತಿದ್ದೆ. ಹಳೆಯ ‘ಠ’ ಬರೀ ಒಂದು ಗುಂಡು. ‘ತ’ದ ಕೆಳಗೆ ಒತ್ತು ಬಂದಾಗ, ಕಲ್ಲು ಸವೆದಿದ್ದರೆ, ಅದೂ ಗುಂಡಿನ ಹಾಗೇ ಕಾಣುತ್ತದೆ. ಈ ಒಂದು ವ್ಯತ್ಯಾಸಕ್ಕೇ ಮಾಸ್ತರರು ನನ್ನಿಂದ ಒಂದು ಇಡೀ ಮಧ್ಯಾಹ್ನ ಬರೆಯಿಸಿದರು. ಅದು ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೂರನೇ ವರ್ಷದ ಬೇಸಿಗೆಯಲ್ಲಿ ಒಬ್ಬಳೇ ಮೂಲ ಊರಿಗೆ ಹೋದೆ. ಕೆರೆ ಬತ್ತಿತ್ತು. ಕಲ್ಲನ್ನು ನೀರು ಹಾಕಿ ತಿಕ್ಕಿ, ಒಣಗಿದ ಮೇಲೆ ಮಾಸ್ತರರು ಹೇಳಿಕೊಟ್ಟಂತೆ ಅದರ ಮೇಲೆ ಗೋಧಿ ಹಿಟ್ಟು ಸವರಿದೆ. ತಗ್ಗಿದ್ದ ಅಕ್ಷರಗಳಲ್ಲಿ ಹಿಟ್ಟು ಕೂತು ಬೆಳ್ಳಗೆ ಎದ್ದು ಕಂಡವು. ಒಂದೊಂದೇ ಕೂಡಿಸುತ್ತ ಓದಿದೆ. ಭಾವನವರ ಅಜ್ಜ ‘ಮಠರ್’, ಅಂದರೆ ಮಠದವರು, ಎಂದು ಓದಿದ್ದ ಕಡೆಯಲ್ಲಿ ಸ್ಪಷ್ಟವಾಗಿ ‘ಮತ್ತರ್’ ಎಂದಿತ್ತು. ಮತ್ತರು ಎಂದರೆ ಹಿಂದಿನ ಕಾಲದಲ್ಲಿ ಹೊಲ ಅಳೆಯುತ್ತಿದ್ದ ಮಾಪು, ಈಗಿನ ಎಕರೆಯ ಹಾಗೆ. ಮಂಗಳವಾರದ ಪಾಠದಲ್ಲಿ ಆ ಶಬ್ದವನ್ನು ಬರೆದುಕೊಂಡಿದ್ದೆ. ಅದು ಹನ್ನೆರಡು ಮತ್ತರು ಹೊಲ. ಕೆರೆಯ ಹೂಳು ತೆಗೆಯಿಸಿ, ತೂಬು ದುರಸ್ತಿ ಮಾಡಿಸಲು ಬಿಟ್ಟ ಹೊಲ. ಕೊಟ್ಟವಳು ಊರ ಗೌಡನ ಹೆಂಡತಿ. ಪಂಡಿತರೂ ಇಲ್ಲ, ಮಠವೂ ಇಲ್ಲ, ನಮ್ಮ ಮೂಲಪುರುಷನಂತೂ ಇಲ್ಲವೇ ಇಲ್ಲ. ಕಲ್ಲು ತೂಬಿನ ಪಕ್ಕದಲ್ಲಿ ಇರಬೇಕಾದದ್ದೇ ಸರಿ.

ಬಿಸಿಲಲ್ಲಿ ಕುಳಿತು ನಕ್ಕೆ. ಮೊಬೈಲಿನಲ್ಲಿ ಹತ್ತಾರು ಫೋಟೋ ತೆಗೆದೆ. ಕಿತ್ತೂರಿಗೆ ಹೋಗಿ ತೋರಿಸಿದಾಗ ಮಾಸ್ತರರು ಭೂತಗನ್ನಡಿ ಹಿಡಿದು ಮೂರು ಸಲ ಓದಿ, “ನಿಮ್ಮ ಓದು ಬರೋಬ್ಬರಿ ಅದ” ಎಂದರು. ಆಮೇಲೆ ಭೂತಗನ್ನಡಿ ಕೆಳಗಿಟ್ಟು, “ಮನಿಯವರಿಗೆ ಮೆಲ್ಲಕ ಹೇಳ್ರಿ” ಎಂದು ಸೇರಿಸಿದರು.

ನಾನು ಹೇಳಲಿಲ್ಲ.

ಅದೇ ಮಳೆಗಾಲದಲ್ಲಿ ಭಾವನವರು ಮನೆತನದ ಇತಿಹಾಸವನ್ನು ಪುಸ್ತಕ ಮಾಡಲು ಹೊರಟರು. ಅವರ ಕೈ ನಡುಗುತ್ತಿತ್ತು, ಬರೆದ ಅಕ್ಷರ ಪ್ರೆಸ್ಸಿನವರಿಗೆ ತಿಳಿಯುತ್ತಿರಲಿಲ್ಲ. ನನ್ನ ಅಕ್ಷರ ಗುಂಡಗೆ ಇದೆಯೆಂದು ಹಾಳೆಗಳ ಕಟ್ಟು ತಂದು ನನ್ನ ಮುಂದೆ ಇಟ್ಟರು.

“ಇದನ್ನ ಚಂದಾಗಿ ನಕಲು ಮಾಡಿ ಕೊಡು. ತಿಳೀದಿದ್ರೂ ಅಡ್ಡಿಯಿಲ್ಲ. ನಿನ್ನ ತಲಿ ಓಡಸಬ್ಯಾಡ. ಇದ್ದದ್ದನ್ನ ಇದ್ದಂಗ ಬರಿ.”

“ಆತ್ರಿ ಭಾವನವರ” ಎಂದೆ.

ನಾಲ್ಕನೇ ಅಧ್ಯಾಯ ಪೂರ್ತಿ ಆ ಹನ್ನೆರಡು ಪಂಡಿತರದೇ. ಅವರ ಮಠ ಎಲ್ಲಿತ್ತು, ಏನು ಕಲಿಸುತ್ತಿದ್ದರು, ಯಾವ ಉಡುಪು ಉಡುತ್ತಿದ್ದರು ಎಂದೆಲ್ಲ ಊಹಿಸಿ ಬರೆದಿದ್ದರು. ನಾನು ಒಂದು ಕಾಮಾವನ್ನೂ ಬಿಡದೆ, ಮುತ್ತು ಪೋಣಿಸಿದ ಹಾಗೆ ನಕಲು ಮಾಡಿದೆ. ‘ಮಠ’ದ ‘ಠ’ ಬರೆಯುವಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ನಿಂತು, ಮತ್ತೆ ಗುಂಡಗೆ ಬರೆಯುತ್ತಿತ್ತು. ಆ ಶನಿವಾರದ ಅಂಕಣದಲ್ಲಿ ಹೀಗೆ ಬರೆದಿದ್ದೇನೆ: “ನನಗೆ ಗೊತ್ತಿದೆ. ಹೇಳುವುದಿಲ್ಲ. ಯಾಕೆ? ಅವನ ಮುಖ ನೋಡಬೇಕು.” ಬಾಯಲ್ಲಿ ಯಾವತ್ತೂ ‘ಅವರು’ ಎನ್ನುತ್ತಿದ್ದವಳು ನೋಟ್‌ಬುಕ್ಕಿನಲ್ಲಿ ‘ಅವನು’ ಎಂದು ಬರೆಯಲು ಕಲಿತದ್ದು ಆಗಲೇ.

ತನ್ನನ್ನು ತಾನು ಅರಿತುಕೊಂಡರೆ ಮನುಷ್ಯ ಮೆತ್ತಗಾಗುತ್ತಾನೆ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗಾಗಲಿಲ್ಲ. ವಾರವಾರ ಬರೆದುಕೊಂಡದ್ದರಿಂದ ನನ್ನ ಸಿಟ್ಟಿನ ಅಂಚು ಇನ್ನೂ ಹರಿತವಾಯಿತು. ಮೊದಲು ಎಲ್ಲರ ಮೇಲೂ ಹರಡಿಕೊಂಡಿದ್ದ ಸಿಟ್ಟು, ಅತ್ತೆಯ ಮೇಲೆ, ಗಂಡನ ಮೇಲೆ, ತೀರಿಹೋದ ಅಪ್ಪನ ಮೇಲೂ ಇದ್ದ ಸಿಟ್ಟು, ಕೂಡಿ ಬಂದು ಒಬ್ಬರ ಮೇಲೆ ನಿಂತಿತು.

ಪುಸ್ತಕದ ಬಿಡುಗಡೆ ಬೈಲಹೊಂಗಲದ ಒಂದು ಮಂಗಲ ಕಾರ್ಯಾಲಯದಲ್ಲಿ. ಭಾನುವಾರದ ಮಂದಿಯೆಲ್ಲ ಬಂದಿದ್ದರು, ಬೀಗರು ಬಿಜ್ಜರು, ಕಾಲೇಜಿನವರು, ಒಟ್ಟು ನೂರರ ಹತ್ತಿರ ಜನ. ಧಾರವಾಡದಿಂದ ಶಾಸನಗಳನ್ನು ಬಲ್ಲ ಒಬ್ಬ ಪ್ರಾಧ್ಯಾಪಕರು ಮುಖ್ಯ ಅತಿಥಿ. ಅವರು ಪುಸ್ತಕವನ್ನು ಅವತ್ತೇ ಮೊದಲ ಸಲ ನೋಡುತ್ತಿದ್ದರು. ಭಾಷಣಗಳು ಮುಗಿದ ಮೇಲೆ ಭಾವನವರು ಉದಾರವಾಗಿ ಕೈ ಚಾಚಿ, “ಯಾರರೇ ಏನರೇ ಕೇಳೂದಿದ್ರ ಕೇಳ್ರಿ” ಎಂದರು.

ನಾನು ಎರಡನೇ ಸಾಲಿನಲ್ಲಿ ಎದ್ದು ನಿಂತೆ. ಮೂರು ವರ್ಷ ಈ ಗಳಿಗೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ಆಡಿ ನೋಡಿದ್ದೆನೆಂದರೆ, ಆಗಲೇ ನಡೆದುಹೋದದ್ದನ್ನು ಇನ್ನೊಮ್ಮೆ ಮಾಡಿದಂತಿತ್ತು.

“ಭಾವನವರ, ಆ ಕಲ್ಲು ತೂಬಿನ ಬಾಜೂಕ ಯಾಕ ಅದರಿ?”

ಅವರಿಗೆ ಹಳೆಯ ಪ್ರಶ್ನೆಯ ಗುರುತು ಸಿಕ್ಕಿತು. ಸಭೆಯ ಕಡೆ ನೋಡಿ ನಕ್ಕರು. “ನಮ್ಮ ತಮ್ಮನ ಹೆಂಡತಿ. ನಕಲು ಮಾಡಿದಾಕಿ ಇಕೀನs. ಬರದು ಬರದು ಆಕಿಗೂ ಪಾಂಡಿತ್ಯ ಹತ್ತೇದ.”

ಜನ ನಕ್ಕರು. ನಗು ಮುಗಿಯುವ ತನಕ ಕಾಯ್ದೆ. ಆಮೇಲೆ ವೇದಿಕೆಯ ಹತ್ತಿರ ಹೋಗಿ ದೊಡ್ಡದಾಗಿ ಮಾಡಿಸಿದ್ದ ಫೋಟೋವನ್ನು ಪ್ರಾಧ್ಯಾಪಕರ ಕೈಗೆ ಕೊಟ್ಟೆ.

“ಮೂರನೇ ಸಾಲು ಜೋರಾಗಿ ಓದ್ರಿ ಸರ್.”

ಅವರು ಕನ್ನಡಕ ಬದಲಿಸಿ ನೋಡಿದರು. ಪುಸ್ತಕದ ಪುಟ ತೆಗೆದು ಮತ್ತೆ ಫೋಟೋ ನೋಡಿದರು. ಮೈಕು ಅವರ ಮುಂದೆಯೇ ಇತ್ತು. ಮೆಲ್ಲಗೆ ಹೇಳಿದ್ದೂ ಹಾಲಿನ ತುದಿಯವರೆಗೆ ಕೇಳಿಸಿತು:

“ಇದು ಮತ್ತರ್ ಅದರಿ. ಮಠ ಅಲ್ಲ. ಹನ್ನೆರಡು ಮತ್ತರು ಹೊಲ... ಕೆರಿಗೆ ಬಿಟ್ಟದ್ದು.” ತಲೆ ಎತ್ತಿ ನನ್ನನ್ನು ನೋಡಿದರು. “ಇದನ್ನ ಓದಿದವರು ಯಾರು?”

“ನಾನs ರೀ.”

ಭಾವನವರು ಫೋಟೋ ಇಸಿದುಕೊಂಡರು. ಅವರಿಗೆ ಆ ಲಿಪಿ ಓದಲು ಬರುವುದಿಲ್ಲ ಎಂಬುದು ಅವರು ಅದನ್ನು ಹಿಡಿದ ರೀತಿಯಲ್ಲೇ ಎಲ್ಲರಿಗೂ ತಿಳಿಯಿತು. ಕೆಳಗಿನದು ಮೇಲೆ ಮಾಡಿ ಹಿಡಿದಿದ್ದರು. ಅವರ ಕಿವಿಗಳು ಕೆಂಪಗಾದವು. “ನಕಲು ಮಾಡುವಾಗs ಗೊತ್ತಿತ್ತೇನು?” ಎಂದು ಕೇಳಿದರು, ನನಗೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ.

“ಗೊತ್ತಿತ್ತರಿ. ತಲಿ ಓಡಸಬ್ಯಾಡ ಅಂದಿದ್ರಲ್ಲ.”

ಆ ಹೊತ್ತಿನ ರುಚಿಯನ್ನು ಮುಚ್ಚಿಟ್ಟು ಏನು ಮಾಡಲಿ? ಹಬ್ಬದ ಹೋಳಿಗೆಗೂ ಆ ಸಿಹಿ ಇರುವುದಿಲ್ಲ. ವಾರಗಟ್ಟಲೆ, ರೊಟ್ಟಿ ತಟ್ಟುವಾಗ, ಬಟ್ಟೆ ಒಣಹಾಕುವಾಗ ಆ ಕೆಂಪು ಕಿವಿಗಳನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ. ಗಂಡ ನಾಲ್ಕು ದಿನ ಮಾತು ಬಿಟ್ಟ. ಐದನೇ ದಿನ, “ಆ ಅಕ್ಷರ ಹೆಂಗ ಓದತಾರ, ತೋರಸು” ಎಂದು ನೋಟ್‌ಬುಕ್ ಎಳೆದುಕೊಂಡ. ತೋರಿಸಲಿಲ್ಲ. ಅವನೂ ನಕ್ಕವನೇ.

ಭಾನುವಾರದ ಕೂಟ ನಿಂತಿತು. ಎರಡು ತಿಂಗಳಾದ ಮೇಲೆ, ಮಧ್ಯಾಹ್ನ ನಾನು ಓದುತ್ತ ಕುಳಿತಾಗ, ನನ್ನ ನೆಗೆಣ್ಣಿ ಬಂದಳು, ಅಂದರೆ ಭಾವನವರ ಹೆಂಡತಿ. ನನಗಿಂತ ಹದಿನೈದು ವರ್ಷ ದೊಡ್ಡವಳು, ನಾನು ಅಕ್ಕಾ ಎನ್ನುತ್ತೇನೆ. ಚಾಪೆಯ ಮೇಲೂ ಕೂರಲಿಲ್ಲ.

“ಈಗ ಅವರು ದಿನಾ ಮನಿಯಾಗs ಇರತಾರ. ಮುಂಜಾನಿಂದ ಸಂಜೀತನಕ. ಉಪ್ಪು ಹೆಚ್ಚಾತು, ಬಕೆಟ್ ಸಪ್ಪಳಾತು, ಫೋನ್ ಮಾಡಿದ್ದು ಯಾರು, ಎಲ್ಲಾ ನನ್ನ ಮ್ಯಾಲೆ. ಮೊದಲೆಲ್ಲಾ ವಾರಕ್ಕೊಮ್ಮೆ ಹದಿನೈದು ಮಂದಿ ಮ್ಯಾಲೆ ಹೋಗತಿದ್ದದ್ದು ಈಗ ದಿನಾ ನನ್ನೊಬ್ಬಾಕಿ ಮ್ಯಾಲೆ ಬರತದ.”

“ಅಕ್ಕಾ, ನಾ ಹಂಗ...”

“ನೀ ದೊಡ್ಡ ಪಟ್ಟಿ ಹಾಕಿದ್ದೆಂತಲ್ಲ. ಎಲ್ಲಾ ಬರದಿದ್ದೆಂತ. ಆ ಪಟ್ಟಿಯೊಳಗ ನಾ ಇದ್ನೇನು?”

ಅವಳು ಹೋದ ಮೇಲೆ ಮೂರು ವರ್ಷದ ಶನಿವಾರಗಳನ್ನು ತಿರುವಿ ಹಾಕಿದೆ. ಇಪ್ಪತ್ತು ವರ್ಷ ನನ್ನ ಪಕ್ಕದಲ್ಲಿ ನಿಂತು ಚಹಾ ಸೋಸಿದವಳ ಹೆಸರು ಒಂದು ಕಡೆಯೂ ಇರಲಿಲ್ಲ. ಅವಳು ಏನು ಓದಿದ್ದಳು, ಅವಳಿಗೆ ಯಾರು ಏನು ಮಾತು ಕೊಟ್ಟಿದ್ದರು, ನನಗೆ ಗೊತ್ತಿರಲಿಲ್ಲ. ಭಾವನವರ ಬಗ್ಗೆ ಆಗ ನನಗೆ ಪಶ್ಚಾತ್ತಾಪ ಆಗಲಿಲ್ಲ, ಇವತ್ತೂ ಇಲ್ಲ. ಅಕ್ಕನ ಬಗ್ಗೆ ಆದದ್ದು ಮಾತ್ರ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತು. ಖಾಲಿ ಇದ್ದ ಭಾನುವಾರದ ಅಂಕಣದಲ್ಲಿ “ಅಕ್ಕ” ಎಂದು ಬರೆದೆ. ಪ್ರತಿ ಭಾನುವಾರ ಹತ್ತಕ್ಕೆ ಅವರ ಮನೆಗೆ ಹೋಗಿ, ಭಾವನವರ ಕಣ್ಣೆದುರಿಗೇ ಅವಳನ್ನು ಹೊರಗೆ ಕರೆದುಕೊಂಡು ಬರತೊಡಗಿದೆ. ಮೊದಲ ಎರಡು ವಾರ ಅವಳು ಬರಲಿಲ್ಲ. ಮೂರನೇ ವಾರ ಸುಮ್ಮನೆ ಚಪ್ಪಲಿ ಮೆಟ್ಟಿದಳು.

ಏಳೆಂಟು ತಿಂಗಳ ಮೇಲೆ ಭಾವನವರು ಪುಸ್ತಕದ ಉಳಿದ ಪ್ರತಿಗಳಲ್ಲಿ ಒಂದು ತಿದ್ದುಪಡಿ ಚೀಟಿ ಅಂಟಿಸಿದರು. ಫೋಟೋ ಬೇಕೆಂದು ಗಂಡನ ಕೈಯಲ್ಲಿ ಹೇಳಿ ಕಳಿಸಿದ್ದರು. ತಾವೇ ಬಂದು ಕೇಳಲಿ ಎಂದೆ. ಬಂದರು. ಹೊಸ್ತಿಲಲ್ಲಿ ನಿಂತು ಕೇಳಿದರು. ಕೊಟ್ಟೆ. ಚೀಟಿಯಲ್ಲಿ ಹೀಗೆ ಅಚ್ಚಾಗಿತ್ತು: ನಾಲ್ಕನೇ ಅಧ್ಯಾಯದ ಶಾಸನಪಾಠದಲ್ಲಿ ದೋಷವಿದ್ದು, ಒಬ್ಬ ಓದುಗರು ಅದನ್ನು ಗಮನಕ್ಕೆ ತಂದಿದ್ದಾರೆ.

ಒಬ್ಬ ಓದುಗರು!

ಚೀಟಿ ಅಂಟಿಸಿದ ಪುಸ್ತಕವನ್ನು ಅವರು ನಾಲ್ಕು ಊರಿನ ಗ್ರಂಥಾಲಯಗಳಿಗೆ ಕೊಟ್ಟಿದ್ದರು. ಬೈಲಹೊಂಗಲದ ಗ್ರಂಥಾಲಯಕ್ಕೆ ಅದೇ ವಾರ ಹೋಗಿ, ಕಪಾಟಿನಿಂದ ತೆಗೆದು, ‘ಒಬ್ಬ ಓದುಗರು’ ಎಂಬುದನ್ನು ಹೊಡೆದು, ಮೇಲೆ ಗುಂಡನೆಯ ಅಕ್ಷರದಲ್ಲಿ ‘ಲೇಖಕರ ತಮ್ಮನ ಹೆಂಡತಿ’ ಎಂದು ಬರೆದೆ. ನನ್ನ ಹೆಸರನ್ನೇ ಬರೆಯಬಹುದಿತ್ತು. ಆದರೆ ಅವರು ಸಭೆಯಲ್ಲಿ ನಗುತ್ತ ಹೇಳಿದ್ದು ಆ ಮಾತನ್ನೇ, ಅದೇ ಇರಲಿ ಅನ್ನಿಸಿತು. ಮುಂದಿನ ಸೋಮವಾರ ಕಿತ್ತೂರಿನಲ್ಲಿ ಇನ್ನೊಂದು.

ಅಕ್ಕನಿಗೆ ಹೇಳಿದಾಗ ಅವಳು ನಗಲಿಲ್ಲ. “ಸವದತ್ತಿಗೆ ಹೋಗುಮುಂದ ನನ್ನ ಕರಿ. ಎಲ್ಲಮ್ಮಗ ಹೊಂಟೀನಿ ಅಂತ ಹೇಳತೀನಿ” ಎಂದಳು. ಸವದತ್ತಿಯಲ್ಲಿ ನಾನು ಬರೆಯುವಾಗ ಬಾಗಿಲ ಕಡೆ ನೋಡುತ್ತ ನಿಂತಳು. ಎಲ್ಲಮ್ಮನ ಗುಡ್ಡಕ್ಕೂ ಹೋಗಿ ಬಂದೆವು, ಸುಳ್ಳಾಗಬಾರದೆಂದು.

ರಾಮದುರ್ಗ ನನ್ನ ತವರು. ಪಿಯುಸಿ ಓದುವಾಗ ದಿನಾ ಸಂಜೆ ಹೋಗಿ ಕೂರುತ್ತಿದ್ದ ಗ್ರಂಥಾಲಯ ಬೇರೆ ಕಟ್ಟಡಕ್ಕೆ ಹೋಗಿತ್ತು. ಪುಸ್ತಕ ಹುಡುಕಲು ಹೊತ್ತು ಹಿಡಿಯಿತು. ಪೆನ್ನು ತೆಗೆದಾಗ ಅಕ್ಕ ಕೈ ಚಾಚಿದಳು.

“ಇಲ್ಲೆ ಕೊಡು. ನಾ ಬರೀತೀನಿ.”

ಅವಳು ಬರೆಯುವುದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ‘ಒಬ್ಬ ಓದುಗರು’ ಎಂಬುದನ್ನು ಹೊಡೆದು, ಒಂದೊಂದು ಅಕ್ಷರಕ್ಕೂ ನಿಲ್ಲುತ್ತ, ತುಟಿ ಕಚ್ಚಿ ‘ಲೇಖಕರ ತಮ್ಮನ ಹೆಂಡತಿ’ ಎಂದು ಬರೆಯತೊಡಗಿದಳು. ಅಷ್ಟರಲ್ಲಿ ಗ್ರಂಥಾಲಯದವರು ಬಂದರು.

“ಏನ್ ಮಾಡಾಕತ್ತೀರಿ ತಾಯಿ? ಪುಸ್ತಕದಾಗ ಬರೀಬಾರದ್ರಿ.”

ನಾನು ಏನಾದರೂ ಹೇಳುವ ಮೊದಲೇ ಅಕ್ಕ ತಲೆ ಎತ್ತದೆ ಅಂದಳು: “ನಮ್ಮ ಯಜಮಾನರು ಬರದ ಪುಸ್ತಕರಿ. ತಪ್ಪಾಗ್ಯದ. ತಿದ್ದಲಿಕ್ಕೆ ಹತ್ತೀನಿ.”

ಅವರು ಪುಸ್ತಕದ ಹಿಂದಿನ ಫೋಟೋ ನೋಡಿದರು, ಅಕ್ಕನನ್ನು ನೋಡಿದರು, ಏನು ತಿಳಿಯಿತೋ, ನಮ್ಮ ತಲೆಯ ಮೇಲಿನ ಫ್ಯಾನ್ ಹಾಕಿ ಹೋದರು. ಅಕ್ಕ ಬರೆದು ಮುಗಿಸಿ ಕೆಳಗೆ ಒಂದು ಗೆರೆ ಎಳೆದಳು. ಎಷ್ಟು ಒತ್ತಿ ಎಳೆದಳೆಂದರೆ ಚೀಟಿ ಅರ್ಧದವರೆಗೆ ಹರಿಯಿತು.